ಎಡಗಡೆಯ ಅಡ್ಡಪೈಪು

ಜನವರಿ 6, ಸೋಮವಾರ, ಸಂಜೆ

ಸವಣೂರಿನಲ್ಲಿ ವೀಳ್ಯದೆಲೆ ಪೆಂಡಿ ಹೇರಿಕೊಂಡು ಹಾನಗಲ್ಲಿಗೆ. ಇಳಿಸಿ, ಆಡೂರಿಗೆ ಬಂದು ಕುಳಿತದ್ದು ಈಗ. ಸೊಂಟ ನನ್ನದಲ್ಲ ಅನ್ನಿಸುತ್ತಿದೆ. ಹೆಂಡತಿ ಅಂಕಿತಾ ಬಿಸಿನೀರು ಕಾಸಿಟ್ಟು ಎರಡು ಸಲ ಕರೆದಳು. ಏಳಲು ಮನಸ್ಸಿಲ್ಲ.

ಬಾಡಿಗೆ ಗಾಡಿ ದುಡಿಯುತ್ತದೆ. ಕೆಸರಿನ ಗಾಡಿ ಹಿತ್ತಲಲ್ಲಿ ತಾಡಪಾಲು ಹೊದ್ದು ಮಲಗಿದೆ. ಹಳೆಯ ಫೋರ್-ವೀಲ್ ಪಿಕಪ್. ದೊಡ್ಡ ಟೈರು ಹಾಕಿಸಿ, ಬಾಗಿಲು ಕಿತ್ತು ಹಾಕಿ, ನಾನೂ ಗೆಳೆಯ ಅತೀಕನೂ ಅದನ್ನು ಗುಡ್ಡ ಹಳ್ಳ ಎಲ್ಲ ಹತ್ತಿಸಿದ್ದೇವೆ. ನಾನು ಸ್ಟೇರಿಂಗ್. ಅವನು ಎಡಗಡೆ ಕುಳಿತು ನೆಲ ನೋಡಿ ಹೇಳುತ್ತಾನೆ— ಕಲ್ಲು, ತಗ್ಗು, ಬಿಡು, ಒತ್ತು. ಅವನಿಲ್ಲದೆ ನಾನು ಕುರುಡ.

ಹಿರೇಕೆರೂರು ಕಡೆಯ ಕೆಸರು-ಗುಡ್ಡದ ಗಾಡಿ ಸ್ಪರ್ಧೆ ಫೆಬ್ರುವರಿ 2ಕ್ಕೆ. ಈ ಸಲ ರೋಲ್ ಕೇಜ್ ಇಲ್ಲದ ಗಾಡಿಯನ್ನು ಒಳಗೆ ಬಿಡುವುದಿಲ್ಲವಂತೆ. ಗಾಡಿ ಮಗುಚಿದರೆ ಚಾವಣಿ ತಲೆಯ ಮೇಲೆ ಕುಸಿಯದಂತೆ ಸುತ್ತ ಪೈಪಿನ ಪಂಜರ. ಒಳ್ಳೆಯದೇ. ಆದರೆ ಎಂಥದ್ದು ಹಾಕಿಸುವುದು? ನಾಳೆ ಯೋಚಿಸೋಣ...

ಜನವರಿ 9, ಗುರುವಾರ

ಅತೀಕನನ್ನು ಕರೆದುಕೊಂಡು ಶಿಗ್ಗಾವಿಗೆ, ಫಾರೂಕನ ಗ್ಯಾರೇಜಿಗೆ. ಊರೂರಲ್ಲಿ ಹೋರಿ ಓಡಿಸುವ ಸ್ಪರ್ಧೆಯ ಕಾಲ. ಅಂಗಳದ ತುಂಬ ಹೋರಿ ಒಯ್ಯುವ ಪಿಕಪ್‌ಗಳು. ಹಿಂದೆ ಪೈಪಿನ ಚೌಕಟ್ಟು, ಎಡಗಡೆ ಮಾತ್ರ ಒಂದು ಸಂದು ಖಾಲಿ. ಹೋರಿ ಮೈಮೇಲೆ ಬಂದರೆ ಹಗ್ಗ ಹಿಡಿದವನು ಹಾರಿಕೊಳ್ಳಬೇಕಲ್ಲ. ಫಾರೂಕ ವರ್ಷವಿಡೀ ಮಾಡುವುದೇ ಅದನ್ನು.

ನಾನು ಪುಣೆಯ ರೆಡಿಮೇಡ್ ಕೇಜಿನ ಫೋಟೋ ತೋರಿಸಿದೆ.

"ಬ್ಯಾಡ್ರಿ ಪ್ರಭಣ್ಣ. ಇದನ್ನ ಬಾಡಿ ತಗಡಿಗೆ ಬೋಲ್ಟ್ ಹೊಡೀತಾರ. ಪೈಪ್ ಗಟ್ಟಿ ಇರ್ತೈತಿ, ತಗಡ ಹರದ ಹೋಗ್ತೈತಿ. ನಾ ಕೆಳಗಿನ ಕಬ್ಬಣದ ಚಾಸಿಗೇ ಕೂಡಸ್ತೇನಿ, ಆರು ಕಾಲು. ಬಾಗಲ ಇದ್ದಲ್ಲಿ ಎರಡೂ ಕಡೆ ಅಡ್ಡ ಪೈಪು."

"ನನ್ನ ಕಡೆ ಅಡ್ಡ ಪೈಪ್ ಬ್ಯಾಡ," ಅಂದ ಅತೀಕ.

"ಯಾಕೋ?"

"ಹಾರೂದ್ ಹ್ಯಾಂಗ?"

"ಹಾರಬಾರ್ದು ಅಂತನ ಕೇಜ್ ಹಾಕ್ಸೂದು. ಬೆಲ್ಟ್ ಬಿಗದು ಸುಮ್ನ ಕುಂದರೂದು."

"ಕುಂತವರ ಕತಿ ನನಗ ಹೇಳಬ್ಯಾಡ ಪ್ರಭಣ್ಣ."

 ಅವನ ತಂದೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು. ಸಣ್ಣವನಿದ್ದಾಗ ಇವನು ಮಡ್‌ಗಾರ್ಡ್ ಮೇಲೆ ಕುಳಿತಿದ್ದ. ಬದುವಿನ ಮೇಲೆ ಟ್ರ್ಯಾಕ್ಟರ್ ವಾಲಿತು. ಇವನು ಹಾರಿದ, ಉಳಿದ. ಅವರು ಸ್ಟೇರಿಂಗ್ ಹಿಡಿದೇ ಕುಳಿತಿದ್ದರು, ಉಳಿಯಲಿಲ್ಲ.

ಫಾರೂಕನೇ ದಾರಿ ತೆಗೆದ: "ಹೋರಿ ಗಾಡಿಗತೆ ಎಡಗಡಿ ಖಾಲಿ ಬಿಡ್ತೇನಿ ತಗೋರಿ. ಜಗಳ ಯಾಕ?"

ಹೂಂ ಅಂದೆ. ವಾದ ಮಾಡುವಷ್ಟು ತ್ರಾಣ ಇರಲಿಲ್ಲ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ. ಗಾಡಿ ಮನೆಗೆ ಬಂದಿದೆ. ಅಂಕಿತಾ ಒಂದು ಸುತ್ತು ಹಾಕಿ ನೋಡಿದಳು.

"ನಿಮ್ಮ ಕಡೆ ಪೈಪ್ ಐತಿ. ಅವನ ಕಡೆ ಯಾಕಿಲ್ರಿ?"

"ಅವ್ನ ಬ್ಯಾಡಂದ."

"ಬ್ಯಾಡಂದ್ರ ಬಿಟ್ಟು ಬಿಡೂದಾ? ನಾ ದಿನಾ ಬ್ಯಾಡಂತೇನಿ, ನೀವು ಗಾಡಿ ಬಿಟ್ಟೀರೇನು?"

ತಾಡಪಾಲು ಎಳೆದು ಗಾಡಿ ಮುಚ್ಚಿದೆ. 

ಜನವರಿ 19, ಭಾನುವಾರ

 ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಹಂಸಭಾವಿ ಕಡೆಯ ಒಣಗಿದ ಕೆರೆ ಏರಿಯ ಮೇಲೆ ಟ್ರಯಲ್. ಎಡಗಡೆಯ ಹಿಂದಿನ ಟೈರು ಜಾರಿತು. ಗಾಡಿ ನಿಧಾನ ವಾಲಿತು, ದಣಿದ ಎಮ್ಮೆ ಮಲಗುವ ಹಾಗೆ. "ಕುಂದರೋ" ಎಂದು ಕೂಗಿದೆ. ಕೂಗುವಷ್ಟರಲ್ಲಿ ಬೆಲ್ಟಿನ ಗುಂಡಿ ಟಪ್ ಅಂತು. ಪಕ್ಕದಲ್ಲಿ ಸೀಟು ಖಾಲಿ.

ಗಾಡಿ ಎಡ ಮಗ್ಗುಲಿಗೆ ಬಿದ್ದು ನಿಂತಿತು. ನಾನು ಬೆಲ್ಟಿನಲ್ಲಿ ಜೋತು ಬಿದ್ದಿದ್ದೆ. ಹೊರಗೆ ನೋಡಲು ಬಂದ ಹುಡುಗರ ಚಪ್ಪಾಳೆ, ಸಿಳ್ಳು. ಅತೀಕ ಗೋವಿನಜೋಳದ ಕೂಳೆಯಲ್ಲಿ ಉರುಳಿ ಎದ್ದು ಮೈ ಕೊಡವುತ್ತಾ ನಗುತ್ತಿದ್ದ.

"ನೋಡಿದ್ಯಾ ಪ್ರಭಣ್ಣ? ಹಾರಿದ್ದಕ್ಕ ಉಳದೆ!"

"ನಿನ್ನ ಸೀಟ್ ನೋಡು. ಏನಾರ ಆಗೇತೇನು? ನೀರಿನ ಬಾಟ್ಲಿ ಸಿಗಿಸಿದಲ್ಲೇ ಐತಿ."

"ಬಾಟ್ಲಿಗೆ ಜೀವ ಇಲ್ಲ."

ಅವನ ಹೆಗಲ ಟವೆಲ್ ನೆಲದಲ್ಲಿತ್ತು. ಎತ್ತಿಕೊಡಲು ಹೋದೆ. ಬರಲಿಲ್ಲ. ಅರ್ಧ ಟವೆಲ್ ಮೇಲ್ಪೈಪಿನ ಕೆಳಗೆ, ಮಣ್ಣಿನೊಳಗೆ ಹೂತಿತ್ತು. ಇದನ್ನು ಮೊದಲು ನೋಡಿದವನು ನಾನು. ಅವನನ್ನು ಕರೆದು ತೋರಿಸಿದೆ. "ಟವೆಲ್ ಹಾರಾಕ ಬರೂದಿಲ್ಲ," ಅಂದ. ಮತ್ತೆ ನಗು, ಮತ್ತೆ ಸಿಳ್ಳು.

ಜನವರಿ 20, ಸೋಮವಾರ

ಗಾಡಿ ಒಯ್ದು ಬಿಟ್ಟು ಫಾರೂಕನಿಗೆ ಹೇಳಿಬಿಟ್ಟೆ— ಎಡಗಡೆಗೂ ಅಡ್ಡಪೈಪು ಹಾಕು, ವೆಲ್ಡ್ ಮಾಡು. ಬಿಚ್ಚಲು ಬರಬಾರದು.

ಸಂಜೆ ಅತೀಕನ ಫೋನ್. "ಹಂಗಾರ ಎಡಗಡಿ ಬ್ಯಾರೆಯವ್ರನ್ನ ಕುಂದರಿಸ್ಕೋ." ಇಷ್ಟೇ. ಆಮೇಲೆ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ.

ಜನವರಿ 28, ಮಂಗಳವಾರ

ಬರೆಯಲು ಏನೂ ಇರಲಿಲ್ಲ. ಎಲೆ, ಹಾನಗಲ್ಲು, ಎಲೆ, ಹಾನಗಲ್ಲು.

ಇವತ್ತು ಮಧ್ಯಾಹ್ನ ಫಾರೂಕನ ಫೋನ್: "ಲಗೂ ಬರ್ರಿ ಪ್ರಭಣ್ಣ. ಅತೀಕನ ಅಮ್ಮೀ ಬಂದು ನಿಮ್ಮ ಗಾಡ್ಯಾಗ ಕುಂತಾರ. ಇಳೀವಲ್ರು."

ಹೋದೆ. ಮುಮ್ತಾಜಬೇಗಂ ಚಾಚಿ ಎಡ ಸೀಟಿನಲ್ಲಿ, ಚಸ್ಮಾ ಮೂಗಿನ ತುದಿಗೆ, ಹೊಸ ಅಡ್ಡಪೈಪಿನ ಮೇಲೆ ಕೈ. ಟವೆಲ್ಲಿನ ಸುದ್ದಿ ಯಾರೋ ಮುಟ್ಟಿಸಿದ್ದಾರೆ. ಅತೀಕ ಟೈರಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಎಳೆದು ತಂದವರೂ ಅವರೇ.

"ಬಾ ಬೇಟಾ. ಈ ಬೆಲ್ಟ್ ಹ್ಯಾಂಗ ಹಾಕೂದು?"

ಬಿಗಿದೆ.

"ಫಾರೂಕ, ಈಗ ಇದನ್ನ ವಾಲಸು."

"ಚಾಚೀ, ನಿಮಗೇನರ ಆದ್ರ ನಾ ಗ್ಯಾರೇಜ್ ಮುಚ್ಚಬೇಕಾಕ್ಕೈತ್ರಿ!"

"ಮುಚ್ಚು. ಹೆಂಗೂ ಹೇಳಿದ ದಿನಕ್ಕ ಒಂದ್ ಕೆಲಸಾನೂ ಕೊಡೂದಿಲ್ಲ ನೀ."

ಬಲಗಡೆಗೆ ಚೈನ್‌ಪುಲ್ಲಿ ಹಚ್ಚಿ ಎತ್ತಿದ. ನಾವು ಎಡಗಡೆ ಆನಿಸಿ ಹಿಡಿದೆವು. "ಇನ್ನಷ್ಟು," ಅಂದರು ಚಾಚಿ. ಎತ್ತಿದ. "ಇನ್ನಷ್ಟು." ಮುಖ ಬಿಳಿಚಿತ್ತು. ಬೆರಳು ಪೈಪಿಗೆ ಅಂಟಿದ್ದವು. ಆ ವಾಲಿದ ಸ್ಥಿತಿಯಲ್ಲೇ ಮಗನ ಕಡೆ ನೋಡಿದರು.

"ನಿಮ್ಮ ಅಬ್ಬಾಗ ಹಾರಾಕ ಬರ್ತಿರ್ಲಿಲ್ಲಂತ ತಿಳದೀಯೇನು? ಅವರ ತಲಿಮ್ಯಾಲೆ ಆಕಾಶ ಬಿಟ್ರ ಏನೂ ಇರ್ಲಿಲ್ಲೋ. ಹಾರಬೇಕಾಗಿತ್ತು, ಹಾರಲಿಲ್ಲ. ನೀ ಹಾರಿದಿ, ಚಲೋ ಮಾಡಿದಿ. ಆದ್ರ ಇಲ್ಲಿ ಪೈಪ್ ಐತಿ. ಇದು ಆ ಟ್ರ್ಯಾಕ್ಟರ್ ಅಲ್ಲ."

ಫಾರೂಕ ಚೈನ್ ಸಡಿಲಿಸಿ ಗಾಡಿ ಇಳಿಸಿದ. ಅತೀಕ ತಾಯಿಯನ್ನು ಇಳಿಸಿಕೊಂಡು ಹೋದ. ನನ್ನ ಕಡೆ ನೋಡಲೇ ಇಲ್ಲ.

ಫೆಬ್ರುವರಿ 2, ಭಾನುವಾರ, ಬೆಳಗ್ಗೆ

ಸರದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕುಳಿತಿದ್ದೇನೆ. ಪುಸ್ತಕ ಸ್ಟೇರಿಂಗ್ ಮೇಲೆ. ಕೇಜ್ ನೋಡಿದರು, ತಟ್ಟಿದರು, ಪಾಸ್. "ಎಡಗಡಿ ಯಾರ್ರಿ?" ಅಂದರು. ಬರ್ತಾನ ಅಂದೆ. ಸುಳ್ಳು. ಒಬ್ಬನನ್ನೇ ಬಿಡುವುದಿಲ್ಲ. ನಂಬರ್ ಕೂಗಿದಾಗ ಹಿಂದೆ ಸರಿದು ಮನೆಗೆ ಹೋಗುವುದು, ಮಲಗುವುದು. ಅದೂ ಬೇಸರವೇನಲ್ಲ...

ಅತೀಕ ಬಂದ. ಹೆಲ್ಮೆಟ್ ಕಂಕುಳಲ್ಲಿ. ಪೈಪಿನ ಮುಂದೆ ನಿಂತು ಬೈಯುತ್ತಿದ್ದಾನೆ.

"ಎಲ್ಲಿಂದ ಹೋಗೂದೋ ಮಾರಾಯ ಇದ್ರೊಳಗ?"

"ಮ್ಯಾಲಿಂದ."

ಹತ್ತಿ ಇಳಿದು ಕುಳಿತ.  ಎರಡೂ ಕೈಯಲ್ಲಿ ಅಡ್ಡಪೈಪು ಹಿಡಿದಿದ್ದಾನೆ.

"ಬೆಲ್ಟ್ ನೀನ ಬಿಗಿ ಪ್ರಭಣ್ಣ. ನಾನಾದ್ರ ಸಡ್ಲ ಬಿಡ್ತೇನಿ."

ಎಳೆದೆ. "ಇನ್ನಷ್ಟು," ಅಂದ. ಎಳೆದೆ.

ನಮ್ಮ ನಂಬರ್ ಕೂಗಿದರು. "ಏನ್ ಬರ್ಯಾಕತ್ತೀಪಾ ಈಗ? ಇಡು ಅತ್ಲಾಗ. ಮುಂದ ಎಡಕ್ಕ ದೊಡ್ಡ ತಗ್ಗ ಐತಿ, ನೀ—"