ಅಕ್ಕ ಹೇಳಿದ ಕರಾಟೆ ಕಾರ್ಟೂನು

ಲಾಂಡ್ರಿ ಹಿಂದಿನ ರೂಮು, ಗುರುವಾರ, ಪಾಳಿ ಮುಗಿದ ಮೇಲೆ

...ಅದೂ ಸಾಲದು ಅಂತ ಮಡಚೋ ಮೆಷಿನ್ನು ಇವತ್ತು ಮತ್ತೆ ಕೈಕೊಡ್ತು, ಅಕ್ಕಾ. ಹೋಟೆಲಿನ ಮುನ್ನೂರು ಹಾಸುಬಟ್ಟೆ ನಾನೂ ನಮ್ಮ ರೂಮಿನ ಇಸ್ತ್ರಿಯವನೂ ಆ ತುದಿ ಈ ತುದಿ ಹಿಡ್ಕೊಂಡು ಮಡಚಿದ್ವಿ. ಬೆರಳು ಬಗ್ತಾ ಇಲ್ಲ, ಅದಕ್ಕೇ ಬಾಯಲ್ಲೇ ಹೇಳಿ ಕಳಿಸ್ತಿದೀನಿ. ನನ್ನ ಗೋಳೇ ಮೊದಲು ಶುರು ಮಾಡಿದೆ ನೋಡು. ಪ್ರೀತಿಯ ಅಕ್ಕಾ, ನೀನು ಹೇಗಿದೀಯ? ಭುಜದ ನೋವು ಇಳೀತಾ? ಮಾತ್ರೆ ನುಂಗ್ತಿದೀಯೋ, ಇಲ್ಲ ಡಬ್ಬೀಲಿಟ್ಟು ಕಾವಲು ಕಾಯ್ತಿದೀಯೋ? ಭಾವ, ಪಾಪು ಚೆನ್ನಾಗಿದಾರಾ?

ಹೋದ ಭಾನುವಾರ ರೂಮಿನವರ ಜೊತೆ ಆ ಹಳೇ ಜಪಾನಿ ಕರಾಟೆ ಕಾರ್ಟೂನು ಹಾಕಿದ್ವಿ, ಮೊದಲನೇ ಕಂತಿಂದ. ಪಕ್ಕದ ಮನೆಯವರು ಕ್ಯಾಸೆಟ್ ಹಾಕಿದಾಗ ನಾವಿಬ್ಬರೂ ಅವರ ಕಿಟಕಿ ಸರಳು ಹಿಡ್ಕೊಂಡು ನೋಡ್ತಿದ್ವಲ್ಲ, ಅದೇ. ನನಗೆ ಆರು, ನಿನಗೆ ಹನ್ನೆರಡು. ಆ ಮಾತು ನನಗೆ ಒಂದಕ್ಷರ ತಿಳೀತಿರಲಿಲ್ಲ. ನೀನು ಕಿವಿ ಹತ್ರ ಬಾಯಿಟ್ಟು ಎಲ್ಲಾ ಕನ್ನಡದಲ್ಲಿ ಹೇಳ್ತಿದ್ದೆ. ‘ನಿನಗೆ ಹೇಗೆ ಗೊತ್ತು?’ ಅಂದ್ರೆ ‘ದೊಡ್ಡ ಕ್ಲಾಸಿಗೆ ಬಾ, ನಿನಗೂ ಕಲಿಸ್ತಾರೆ, ಈಗ ಸುಮ್ನೆ ನೋಡು’ ಅಂತಿದ್ದೆ.

ರೂಮಿನವರ ಮುಂದೆ ನಾನೇ ಪಂಡಿತ. ಜುಟ್ಟಿನ ಹುಡುಗನ ಅಮ್ಮ ಬೆಟ್ಟದಾಚೆ ಕೆಲಸಕ್ಕೆ ಹೋಗಿದಾಳೆ, ಕುಂಟ ಗುರು ಪ್ರತಿ ಕಂತಲ್ಲೂ ಅವಳ ಸುದ್ದಿ ತರ್ತಾನೆ ಅಂತ ಮೊದಲೇ ಕೊಚ್ಕೊಂಡಿದ್ದೆ. ಈಗ ಕೆಳಗೆ ಅರ್ಥ ಬರೆದು ತೋರಿಸ್ತಾರೆ. ಗುರು ಹೇಳ್ತಿದ್ದದ್ದು ಮೊಣಕಾಲು ಬಗ್ಗಿಸು, ಉಸಿರು ಹಿಡಿ, ಕತ್ತೆ ಥರ ನಿಲ್ಲಬೇಡ, ಇಷ್ಟೇ. ಇಸ್ತ್ರಿಯವನು ಬಿದ್ದು ಬಿದ್ದು ನಕ್ಕ. ‘ನಿಮ್ಮಕ್ಕ ಭಾರಿ ರೈಲು ಬಿಟ್ಟಿದಾಳೆ ಕಣೋ’ ಅಂದ. ನನಗೆ ಮುಖ ಉರೀತು. ಆ ಉರೀಲೇ ಮನೆಯವರ ಗ್ರೂಪಲ್ಲಿ ನಿನ್ನ ಆಡಿಕೊಂಡು ಬರೆದೆ. ದೊಡ್ಡಪ್ಪ, ಚಿಕ್ಕಮ್ಮ, ಎಲ್ಲರೂ ನಕ್ಕರು. ನೀನು ಗ್ರೂಪ್ ಬಿಟ್ಟೆ. ತಮಾಷೆ ತಡ್ಕೊಳ್ಳೋಕಾಗಲ್ವಾ ಇವಳಿಗೆ ಅಂತ ನಾನೇ ಮೂತಿ ಉಬ್ಬಿಸ್ಕೊಂಡು ಕೂತೆ.

ನಿನ್ನೆ ಒಬ್ಬನೇ ಮತ್ತೆ ಹಾಕಿದೆ. ಅವತ್ತಿನ ಗಲಾಟೇಲಿ ಎರಡನೇ ಕಂತು ಸರಿಯಾಗಿ ನೋಡಿರಲಿಲ್ಲ. ಅದರಲ್ಲಿ ಆ ಹುಡುಗನ ಅಮ್ಮ ಸತ್ತುಹೋಗ್ತಾಳೆ, ಅಕ್ಕಾ. ಅವನು ಪಕ್ಕದಲ್ಲಿ ಕೈ ಹಿಡ್ಕೊಂಡು ಕೂತಿರ್ತಾನೆ. ಆ ಜಾಗಕ್ಕೆ ನೀನು ‘ನಿದ್ದೆ ಮಾಡ್ತಿದಾಳೆ, ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಡಬೇಕಲ್ಲ’ ಅಂದಿದ್ದೆ. ನಮ್ಮಮ್ಮ ಹೋಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಅಮ್ಮ ಎಲ್ಲಿ ಅಂತ ನನಗೆ ಯಾರೂ ನೆಟ್ಟಗೆ ಹೇಳಿರಲಿಲ್ಲ. ಆಮೇಲೆ ಗುರು ಬಾಯಿ ತೆಗೆದಾಗೆಲ್ಲ ‘ಅಮ್ಮ ಹೇಳಿ ಕಳಿಸಿದಾಳೆ, ಉಗುರು ತೆಗೆಸ್ಕೋಬೇಕಂತೆ, ಊಟ ಬಿಡಬಾರದಂತೆ.’ ನಾನು ಮನೆಗೆ ಬಂದು ನಿನ್ನ ಮುಂದೆ ಎರಡೂ ಕೈ ಚಾಚ್ತಿದ್ದೆ. ನನಗೆ ನೀನು ಹೇಳಿದೆ. ನಿನಗೆ ಯಾರು ಹೇಳ್ತಿದ್ರು ಅಕ್ಕಾ? ನಿನ್ನೆಯಿಂದ ಇದೊಂದೇ ಕೊರೀತಿದೆ. ನನ್ನ ಮುಖ ನನಗೇ ನೋಡ್ಕೊಳ್ಳೋಕಾಗ್ತಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಪಾಪು ಕೆನ್ನೆಗೆ ಎರಡು ಮುತ್ತು.

ನಿನ್ನ ಕೋತಿ ತಮ್ಮ

ಮರೆತೆ, ಇನ್ನೊಂದು. ಮರೆತದ್ದೇನು ಬಂತು, ಬೇಕಂತಲೇ ನುಂಗ್ಕೊಂಡೆ. ಗ್ರೂಪಲ್ಲಿ ಕೊನೇ ಸಾಲು ‘ಏಳನೇ ಕ್ಲಾಸಿಗೇ ಓದಿಗೆ ಕೈಮುಗಿದವಳು ಜಪಾನಿ ಕಲಿತಿದ್ಲಂತೆ’ ಅಂತ ಹಾಕಿದ್ದೆ. ಹತ್ತು ನಿಮಿಷಕ್ಕೆ ಅಳಿಸಿದೆ, ಅಷ್ಟರಲ್ಲಿ ನೀನು ಓದಿದ್ದೆ. ನೀನು ಓದು ಬಿಟ್ಟದ್ದು ಮನೇಲಿ ನನ್ನ ನೋಡ್ಕೊಳ್ಳೋಕೆ. ಈಗಷ್ಟೇ ಗ್ರೂಪಲ್ಲಿ ಎಲ್ಲರಿಗೂ ಇದನ್ನೇ ಹೇಳಿ ಕಳಿಸಿದೀನಿ, ಎರಡನೇ ಕಂತಿನ ವಿಷಯಾನೂ. ನಿನ್ನ ಹತ್ರ ಮಾತ್ರ ಹೀಗೆ ರೆಕಾರ್ಡ್ ಮಾಡಿ ತಪ್ಪಿಸ್ಕೊಳ್ಳಲ್ಲ. ನಾಳೆ ಮಧ್ಯಾಹ್ನ ಎರಡೂವರೆಗೆ, ಪಾಪು ಮಲಗಿದ ಮೇಲೆ, ಫೋನ್ ಮಾಡ್ತೀನಿ. ಬೈಯೋಕಾದ್ರೂ ಎತ್ತು. ಎತ್ತದಿದ್ರೆ ಮೂರಕ್ಕೆ ಮತ್ತೆ ಮಾಡ್ತೀನಿ.