ಫೋಟೋದಲ್ಲಿ ಬಿಟ್ಟ ಜಾಗ

ಭಾನುವಾರ, ಇಳಿಬಿಸಿಲಿನ ಹೊತ್ತು

ಅಮ್ಮಾ, ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ನೀನು ಬೈಯುವ ನಿನ್ನ ಕಿರಿಮಗಳ ನಮಸ್ಕಾರ.

ನಿನ್ನ ಪತ್ರವೂ ಅದರೊಳಗಿನ ಫೋಟೋವೂ ಮುದುಡದೆ ಬಂದು ತಲುಪಿದವು. ನೀನು ಕೇಳಿದ್ದು ಎರಡೇ: ಮತ್ತೆ ಯುದ್ಧದ ಫೋಟೋ ತೆಗೆಯಲು ಹೋಗುತ್ತೀಯಾ? ಅಕ್ಕನ ಮದುವೆಯ ಈ ಫೋಟೋದಲ್ಲಿ ನಿನ್ನನ್ನೂ ಸೇರಿಸಲು ಆಗುತ್ತದಾ? ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ.

ಈ ದೇಶದಲ್ಲಿ ನನಗೆ ಸಿಕ್ಕಿರುವುದು ಹಾಳಾದ ಹಳೆಯ ಫೋಟೋಗಳನ್ನು ಸರಿಮಾಡುವ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಅವನ್ನು ಉಗುರುಬೆಚ್ಚಗಿನ ನೀರಿನ ತಟ್ಟೆಗಳಲ್ಲಿ ಬಿಡುತ್ತೇವೆ. ಮಣ್ಣು ಮೆಲ್ಲಗೆ ಕರಗಿ, ಯಾರದೋ ಅಜ್ಜಿ, ಯಾರದೋ ಸೈಕಲ್ಲು ನೀರಿನೊಳಗಿಂದ ಮೂಡಿ ಬರುತ್ತವೆ. ಆಮೇಲೆ ಕ್ಲಿಪ್ ಹಾಕಿ ತಂತಿಗೆ ತೂಗುಬಿಡುತ್ತೇವೆ. ಕಿಟಕಿ ತೆರೆದರೆ ಅವರೆಲ್ಲ ಒಟ್ಟಿಗೆ ತೂಗಾಡುತ್ತಾರೆ, ನಾನು ಕೈಕೆಲಸ ಮರೆತು ನೋಡುತ್ತೇನೆ. ಹದಿನಾರು ವರ್ಷ ಓಡುವವರನ್ನು, ಬಿದ್ದವರನ್ನು ಕ್ಯಾಮೆರಾದಲ್ಲಿ ನೋಡಿದವಳಿಗೆ ಸುಮ್ಮನೆ ನಿಂತು ನಗುವವರು ಹೊಸಬರು. ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಬರುತ್ತಿರಲಿಲ್ಲ. ಈಗೀಗ ಬರುತ್ತಿದೆ.

ಮೊದಲ ವಾರವೇ ಎಡವಟ್ಟು ಮಾಡಿದೆ. ಒಬ್ಬ ಮುದುಕ ತೀರಿಹೋದ ಹೆಂಡತಿಯ ಫೋಟೋ ತಂದಿದ್ದ. ಅರ್ಧ ಮುಖ ಗೆದ್ದಲು ತಿಂದಿತ್ತು. ಉಳಿದದ್ದನ್ನೆಲ್ಲ ಫಳಫಳ ಎನ್ನಿಸಿ, ಆ ಅರ್ಧವನ್ನು ಬಿಳಿಯಾಗಿಯೇ ಬಿಟ್ಟು ಕೊಟ್ಟೆ. ಸುದ್ದಿಯ ಫೋಟೋದಲ್ಲಿ ಒಂದು ಕಲ್ಲು ಸೇರಿಸಿದರೂ ಕೆಲಸ ಹೋದಂತೆ, ಆ ಅಭ್ಯಾಸ ನನಗೆ. ಗೆದ್ದಲು ಬಿಟ್ಟಿದ್ದನ್ನ ಮನೇಲೇ ನೋಡ್ಕೋತಿದ್ನಲ್ಲಮ್ಮ, ಇಲ್ಲಿಗ್ಯಾಕೆ ತರಬೇಕಿತ್ತು ಅಂದ. ಅಂಗಡಿಯ ಒಡತಿ ನನ್ನನ್ನು ಪಕ್ಕಕ್ಕೆ ಕರೆದು, ಇದ್ದಿದ್ದನ್ನ ಮತ್ತೆ ತುಂಬೋದು ಸುಳ್ಳಲ್ಲ ಕಣೇ, ಅದೇ ನಮ್ಮ ಕೆಲಸ, ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು ಅಂದಳು.

ಅದೇ ಸಂಜೆ ಹಳೆಯ ಸಂಪಾದಕರು ಫೋನ್ ಮಾಡಿ, ಹೊಸ ಯುದ್ಧ ಶುರುವಾಗಿದೆ, ಬಾ ಎಂದರು. ಬರುತ್ತೇನೆ ಎಂದುಬಿಟ್ಟೆ. ಯುದ್ಧದಿಂದ ಹೊತ್ತು ತಂದ ಚೀಲ ಮಂಚದ ಕೆಳಗೇ ಇತ್ತು, ನಾನು ಬಿಚ್ಚಿಯೇ ಇರಲಿಲ್ಲ ಅಮ್ಮ.

ಹೊರಡುವ ಮೊದಲು ಮುದುಕನ ಕೆಲಸ ಮುಗಿಸೋಣ ಎಂದು ಕೂತೆ. ಮೂರು ಮಧ್ಯಾಹ್ನ ಅವನು ನನ್ನ ಪಕ್ಕ ಕೂತು ಹೇಳಿದ: ಈ ಕೆನ್ನೆಯಲ್ಲಿ ಗುಳಿ ಬೀಳುತ್ತಿರಲಿಲ್ಲ. ಹುಬ್ಬು ಇನ್ನೂ ಮೇಲಕ್ಕೆ ಹೋಗಲಿ, ನನ್ನ ಒಂದು ಮಾತನ್ನೂ ನಂಬುತ್ತಿರಲಿಲ್ಲ ಅವಳು. ಹುಬ್ಬನ್ನು ಕೂದಲೆಳೆಯಷ್ಟು ಎತ್ತಿದೆ. ಬಂದ್ಲು ನೋಡು ಅಂದ. ನನ್ನ ಯಾವ ಫೋಟೋ ನೋಡಿಯೂ ಯಾರೂ ಹಾಗೆ ಅಂದಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಮನೆಗೆ ಬಂದು ಸಂಪಾದಕರಿಗೆ ಬರುವುದಿಲ್ಲ ಎಂದು ಹೇಳಿ, ಚೀಲ ಬಿಚ್ಚಿ, ಬಟ್ಟೆಗಳನ್ನೆಲ್ಲ ಒಗೆದು ಹರವಿದೆ. ಇದು ನಿನ್ನ ಮೊದಲ ಪ್ರಶ್ನೆಗೆ.

ಎರಡನೆಯದು ನನ್ನಿಂದ ಆಗುವುದಿಲ್ಲ. ಅಕ್ಕನ ಮದುವೆಗೆ ಟಿಕೆಟ್ ಸಿಗಲಿಲ್ಲ ಅಂದಿದ್ದೆನಲ್ಲ, ಅದು ಸುಳ್ಳು. ಟಿಕೆಟ್ ಜೇಬಿನಲ್ಲೇ ಇತ್ತು. ಹೊರಡಬೇಕಿದ್ದ ಬೆಳಿಗ್ಗೆ ನಾನಿದ್ದ ಊರಿನ ಸೇತುವೆಯ ಮೇಲೆ ಬಾಂಬು ಬಿತ್ತು, ನಾನು ವಿಮಾನ ಬಿಟ್ಟು ಆ ಕಡೆ ಓಡಿದೆ. ಮರುವರ್ಷ ಅಪ್ಪ ಹೋದರು. ಇದ್ದವರ ಮುಖ ತುಂಬಬಹುದು; ಬಾರದವಳನ್ನು ತಂದು ನಿಲ್ಲಿಸಿದರೆ ಅದು ಸುಳ್ಳೇ. ತಪ್ಪಾಯಿತಮ್ಮ. ರಜೆ ಕೇಳಿದ್ದೇನೆ, ಈ ಸಲ ಬರುತ್ತೇನೆ. ಅಕ್ಕನಿಗೆ ಹೇಳು, ಬೈಯುವುದನ್ನೆಲ್ಲ ಕೂಡಿಟ್ಟುಕೊಳ್ಳಲಿ.

ಇಂತಿ,
ಚಕ್ರ ಬಿಚ್ಚಿಟ್ಟ ನಿನ್ನ ಮಗಳು

ಮರೆತಿದ್ದೆ: ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅಪ್ಪನಿಗೂ ಅಕ್ಕನಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಇದೆ. ಯಾವ ಫೋಟೋದವನೂ ಅಷ್ಟು ಜಾಗ ಬಿಡುವುದಿಲ್ಲ, ಹತ್ತಿರ ಬನ್ನಿ ಹತ್ತಿರ ಬನ್ನಿ ಅಂತ ಅವನೂ ಅಂದಿರಲೇಬೇಕು. ಅಪ್ಪ ಸರಿದು ನಿಲ್ಲಲಿಲ್ಲ, ಅಲ್ಲವಾ?