ದೀಪದ ತುಟಿ

ಫೆಬ್ರವರಿ ಮೂವತ್ತು, ೨೨೪೭
ಘಟಪ್ರಭೆಯ ದಂಡೆ, ಹುಳಿಮನೆಯ ಹೊರಗಟ್ಟೆ

ಪೂಜ್ಯ ರಾಜಮತಿ ಆಯಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ಮೊಮ್ಮಗಳು ಚಂಪಾವತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ನೀವೆಲ್ಲ ಮಾಡಿದ್ದ ಅನ್ಯಾಯವನ್ನು ನಮ್ಮ ಹಿರಿಯರು ಸರಿಪಡಿಸಿದ್ದಾರೆ. ಜುಲೈಯಿಂದ ಒಂದು, ಆಗಸ್ಟ್‌ನಿಂದ ಒಂದು ದಿನ ಕಿತ್ತು ಅದರ ಮಡಿಲಿಗೆ ಹಾಕಿದ್ದಾರೆ. ನನ್ನ ಮಾತುಗಳಲ್ಲಿಯೂ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿ. ನಿಮ್ಮನ್ನು ಆಯಿ ಎಂದು ಕರೆಯುವುದೇ ಮೊದಲನೆಯ ವಿಚಿತ್ರ. ನೀವು ಈ ಓಲೆ ಓದುವ ಕಾಲಕ್ಕೆ ನಿಮಗೆ ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಸ್ಕೂಟರ್ ಮೇಲೆ ದೀಪದ ಕಾರ್ಖಾನೆಗೆ ಹೋಗಿ ಅಳತೆ ಬರೆಯುವ, ಮದುವೆ ಯಾವಾಗ ಎಂದು ಎಲ್ಲರಿಂದ ಕೇಳಿಸಿಕೊಂಡು ಬೇಸತ್ತಿರುವ ಹುಡುಗಿ ನೀವು. ನನಗೆ ನಲವತ್ತಾರು. ಆದರೂ ಹಿರಿಯರು ನೀವೇ.

ಇದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಮಗ ಅಥವಾ ಮಗಳು ಮೊದಲ ಸಲ ಹುಳಿಮನೆಯೊಳಗೆ ಇಳಿದ ದಿನ, ತಾಯಿಯಾದವಳು ಹೊರಗಟ್ಟೆಯ ಮೇಲೆ ಕೂತು ಹಿಂದಿನವರೊಬ್ಬರಿಗೆ ಕಾಗದ ಬರೆಯಬೇಕು. ಆಮೇಲೆ ಆ ಕಾಗದವನ್ನು ನೀರಿನಲ್ಲಿ ನೆನೆಹಾಕಿ, ಆ ನೀರಿನಿಂದ ದೀಪ ಒರೆಸುವ ಬಟ್ಟೆಯನ್ನು ಒದ್ದೆ ಮಾಡುತ್ತಾರೆ. ಓಲೆ ಮುಟ್ಟುತ್ತದೋ ಇಲ್ಲವೋ ನನಗೆ ತಿಳಿಯದು. ಸುಮ್ಮನೆ ಕೂತ ತಾಯಂದಿರು ಬಾಗಿಲು ಬಡಿದು ಕೆಲಸ ಕೆಡಿಸಬಾರದೆಂದು ಯಾರೋ ಜಾಣರು ಹೂಡಿದ ಉಪಾಯ ಇದು ಎಂದು ನನಗೆ ಗುಮಾನಿ.

ಹುಳಿಮನೆ ಎಂದರೆ ನಿಮ್ಮ ಕಾಲದ ಗೋಬರ್ ಗ್ಯಾಸಿನ ದೊಡ್ಡಣ್ಣ. ಊರಿನ ಕಾಕಂಬಿ, ಕಬ್ಬಿನ ಸಿಪ್ಪೆ, ಸಗಣಿ, ಹಳಸಿದ ಅನ್ನ ಎಲ್ಲವೂ ನೆಲದಡಿಯ ತೊಟ್ಟಿಗಳಲ್ಲಿ ಹುಳಿತು ಉರಿಗಾಳಿಯಾಗುತ್ತದೆ. ನಮ್ಮ ಒಲೆ, ಬಸ್ಸು, ಆಸ್ಪತ್ರೆ ಎಲ್ಲವೂ ನಡೆಯುವುದು ಅದರಿಂದಲೇ. ಆ ಗಾಳಿಗೆ ಕಿಡಿಯೊಂದು ಸಿಕ್ಕರೆ ಮುಗಿಯಿತು. ಅದಕ್ಕೇ ನಾವು ಬದುಕುವ ರೀತಿಯೇ ಬೇರೆ. ಕೆಳಗಿಳಿಯುವವರು ಹತ್ತಿಯ ಬಟ್ಟೆ ಬಿಟ್ಟು ಬೇರೆ ಉಡುವಂತಿಲ್ಲ. ಕಾಲುಂಗುರ, ಬಳೆ ಕಟ್ಟೆಯ ಮೇಲೆಯೇ ಉಳಿಯುತ್ತವೆ. ದೀಪವನ್ನು ಒಣ ಬಟ್ಟೆಯಿಂದ ಉಜ್ಜಿದರೆ ಅದರ ಮೈಯಲ್ಲಿ ಮಿಂಚು ಹುಟ್ಟುತ್ತದೆಂದು ಇಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು. ನನ್ನ ತಮ್ಮನಿಗೆ ನಿಶ್ಚಯವಾಗಿದ್ದ ಹುಡುಗಿ, ಅವನು ಮನೆಯ ದೀಪವನ್ನು ಒಣ ಟವೆಲ್ಲಿನಿಂದ ಒರೆಸಿದ್ದು ಕಂಡು ಮದುವೆಯೇ ಬೇಡ ಎಂದಳು. ನನ್ನ ತಮ್ಮನಾದರೇನು, ಅವಳು ಮಾಡಿದ್ದೇ ಸರಿ.

ತೊಟ್ಟಿಗಳ ನಡುವಿನ ಓಣಿಗಳಲ್ಲಿ ತೂಗುವ ದೀಪಗಳು ನಿಮ್ಮವು. ಒಳಗಿನ ಎಲ್ಇಡಿಗಳು ಎಷ್ಟೋ ಸಲ ಬದಲಾಗಿವೆ, ಲೋಹವನ್ನು ಕರಗಿಸಿ ಮತ್ತೆ ಎರಕ ಹೊಯ್ದಿದ್ದಾರೆ. ಆಕಾರ ಮತ್ತು ಅಳತೆ ಮಾತ್ರ ನೀವು ಬರೆದದ್ದು. ದೀಪದ ಮೈಯೂ ಮುಚ್ಚಳವೂ ಕೂಡುವ ಅಗಲವಾದ ಅಂಚಿಗೆ ನಾವು ತುಟಿ ಎನ್ನುತ್ತೇವೆ. ಎರಡು ತುಟಿಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಉರಿಗಾಳಿಯನ್ನು ಒಳಗೆ ಬಿಡುವುದಿಲ್ಲ ಎಂದು ನೀವು ಹಟ ಹಿಡಿಯಲಿಲ್ಲ. ಅದು ಎಂದಾದರೊಂದು ದಿನ ಹೊಕ್ಕೇ ಹೊಗುತ್ತದೆ, ಕಿಡಿ ಹಾರಿದರೆ ಒಳಗೇ ಸಿಡಿಯಲಿ, ಮೈ ಗಟ್ಟಿಯಾಗಿ ತಡೆದುಕೊಳ್ಳಲಿ ಎಂದಿರಿ. ಆ ಬೆಂಕಿ ಹೊರಗೆ ಬರಬೇಕಾದರೆ ತಣ್ಣನೆಯ ಲೋಹದ ನಡುವೆ, ತುಟಿಯ ಅಷ್ಟೂ ಅಗಲವನ್ನು ನುಸುಳಬೇಕು. ಬರುವಷ್ಟರಲ್ಲಿ ಅದರ ಸೊಕ್ಕಡಗಿ ಬರೀ ಬೆಚ್ಚನೆಯ ಉಸಿರಾಗಿರುತ್ತದೆ. ಈ ವಿದ್ಯೆ ನಿಮಗಿಂತ ಹಳೆಯದೆಂದು ನನಗೆ ಗೊತ್ತು. ನಮ್ಮ ಪಾಲಿಗೆ ಅದು ನಿಮ್ಮ ಕೈಯಿಂದ ಬಂತು.

ನನ್ನ ಒಬ್ಬಳೇ ಮಗಳು ಸುಗಲಾ ಇವತ್ತು ಆ ದೀಪಗಳನ್ನು ಒರೆಸಿ ನೋಡಿಕೊಳ್ಳುವ ಕೆಲಸಕ್ಕೆ ಇಳಿದಿದ್ದಾಳೆ. ಮೊದಲ ದಿನ ಇಳಿಯುವವರಿಗೆ ಒಂದು ಮನೆದೀಪವನ್ನು ಕೊಡುತ್ತೇವೆ. ವಾರದ ಮುಂಚೆ ಅದನ್ನು ಮನೆಗೆ ತಂದು, ಮುಚ್ಚಳ ಬಿಚ್ಚಿ, ತೊಳೆದು, ಅರಿಸಿನ ಹಚ್ಚಿದ ಮಣೆಯ ಮೇಲಿಡುತ್ತೇವೆ. ಅರಿಸಿನ ಮಣೆಗೆ ಮಾತ್ರ, ದೀಪದ ತುಟಿಗೆ ಸೋಕಕೂಡದು. ಆ ದೀಪ ಅವಳು ನಿಂತು ಕೆಲಸ ಮಾಡುವ ಓಣಿಯಲ್ಲೇ ಉರಿಯುತ್ತದೆ.

ಮೊನ್ನೆ ಮುಚ್ಚಳ ಹಾಕುವ ಮುಂಚೆ ಅವಳು ಬೆರಳಾಡಿಸಿ ನೋಡಿದರೆ ತುಟಿ ಜಿಗುಟಾಗಿತ್ತು. ಸುತ್ತಲೂ ಮೆತ್ತಿದ್ದ ಅಂಟು ಅರ್ಧ ಒಣಗಿತ್ತು. ಮನೆಯಲ್ಲಿದ್ದವರು ನಾನು, ಅವಳು, ನನ್ನ ಮಾವನವರಾದ ಜಿನ್ನಪ್ಪನವರು. ನನ್ನ ಗಂಡ ತೀರಿಕೊಂಡ ಮೇಲೆ ಈ ಅಜ್ಜನೇ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದು.

"ಅಜ್ಜಾ, ಇದನ್ನ ಯಾರ ಮೆತ್ತ್ಯಾರ?" ಎಂದಳು.

"ನಾನs ಹಚ್ಚೀನಿ ಮಗಳ. ಸಂದ್ಯಾಗ ಗಾಳಿ ಹೊಕ್ಕತೈತಿ. ಬ್ಯಾರೆ ದೀಪ ಹೆಂಗರ ಇರ್ಲಿ, ನಿನ್ನ ದೀಪದಾಗ ಹೊಗಬಾರ್ದು."

"ಸಂದಿ ಮುಚ್ಚಿದ್ರ ಒಳಗ ಸಿಡದದ್ದು ಎಲ್ಲಿ ಹೋಗ್ಬೇಕೋ ಅಜ್ಜಾ? ಗಾಜ ಒಡಕೊಂಡು ನನ್ನ ಮಾರಿಗೇ ಬರ್ತೈತಿ!"

ಮಾವನವರು ಕುಡಿಯಲು ಇಟ್ಟುಕೊಂಡಿದ್ದ ನೀರಿನ ತಂಬಿಗೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದರು. ಸುಗಲಾ ಅರ್ಧ ದಿನ ಕೂತು, ಲೋಹಕ್ಕೆ ಗೀರು ಬೀಳದಂತೆ, ಬಿಸಿನೀರಿನ ಬಟ್ಟೆಯಿಂದ ಅಂಟನ್ನು ನೆನೆಸಿ ನೆನೆಸಿ ತೆಗೆದಳು. ಆಮೇಲೆ ಅಜ್ಜನ ಪಕ್ಕದಲ್ಲಿ ಹೋಗಿ ಕೂತಳು. ಪ್ರೀತಿಯಿಂದ ಮಾಡಿದ ತಪ್ಪಿಗೆ ಬೈಯುವುದು ಎಷ್ಟು ಕಷ್ಟ, ಆಯಿ. ಅವಳಷ್ಟು ದೊಡ್ಡ ಮನಸ್ಸು ನನಗಿಲ್ಲ. ನಾನು ಇವತ್ತಿನವರೆಗೂ ಅವರೊಡನೆ ಸರಿಯಾಗಿ ಮಾತಾಡಿಲ್ಲ.

ಇಷ್ಟು ಬರೆದು ಕೈ ಕೊಡವಿಕೊಳ್ಳುತ್ತಿದ್ದೆ. ಈಗ ಕೆಳಗಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ, ಮುಚ್ಚಿದ ಕೋಣೆಯಲ್ಲಿ ತೆಂಗಿನಕಾಯಿ ಬಿದ್ದ ಹಾಗೆ. ಕೂಡಲೇ ಕೊಂಬು ಕೂಗಿತು. ಹೊರಬಾಗಿಲು ಹಾಕಿಬಿಟ್ಟಿದ್ದಾರೆ. ಗಾಳಿ ತಿಳಿಯಾಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಒಳಗಿದ್ದವರು ಆಚೆ ಬದಿಯ ಸುರಂಗದಿಂದ ಸುತ್ತಿ ಬರಬೇಕು. ಯಾವ ಓಣಿ ಎಂದು ಕೇಳಿದೆ. ಅವಳದೇ.

ನನ್ನ ಅಕ್ಷರ ಕೆಟ್ಟಿದೆ, ಹೇಗೋ ಓದಿಕೊಳ್ಳಿ. ಕೇಳಬೇಕಾದದ್ದನ್ನು ಈಗಲೇ ಕೇಳಿಬಿಡುತ್ತೇನೆ. ಒಂದು ದಿನ ನಿಮ್ಮ ಮೇಜಿನ ಮುಂದೆ ಒಬ್ಬರು ಬಂದು ನಿಲ್ಲುತ್ತಾರೆ. ಎಲ್ಇಡಿ ತಣ್ಣಗಿನ ಬೆಳಕಲ್ಲವೇ, ಅದಕ್ಕೆ ಇಷ್ಟು ಭಾರದ ಮೈ ಯಾಕೆ, ತುಟಿಯ ಅಗಲ ಅರ್ಧ ಮಾಡಿ, ದೀಪ ಹಗುರವಾಗುತ್ತದೆ, ಹೆಚ್ಚು ಮಾರಾಟವಾಗುತ್ತದೆ ಎನ್ನುತ್ತಾರೆ. ಒಳ್ಳೆಯ ಮನುಷ್ಯರೇ ಇರಬಹುದು. ಬೆಳಕು ತಣ್ಣಗಿದ್ದರೂ ಅದರ ಬೆನ್ನು ಸುಡುತ್ತದೆ, ಅದರ ಒಳಗಿನ ತಂತಿ ಹಳತಾಗುತ್ತದೆ ಎಂದು ನಿಮಗೆ ಗೊತ್ತು. ಆದರೂ ಅವತ್ತು ನಿಮಗೆ ದಣಿವಾಗಿರುತ್ತದೆ. ನಮ್ಮ ಮನೆಯಲ್ಲಿ ಈ ಕಥೆಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಒಂದರಲ್ಲಿ ನೀವು ನಿಂತ ಕಾಲ ಮೇಲೆ ಆಗದು ಎಂದಿರಿ. ಇನ್ನೊಂದರಲ್ಲಿ ಹೂಂ ಎಂದು ಮನೆಗೆ ಬಂದು, ಮರುದಿನ ತಿರುಗಿ ಹೋಗಿ ಅಳತೆಯನ್ನು ಮೊದಲಿನಂತೆ ಮಾಡಿಸಿದಿರಿ. ನನಗೆ ಎರಡನೆಯದೇ ಇಷ್ಟ. ಹಾಗಾದರೂ ಆಗಲಿ, ಹೀಗಾದರೂ ಆಗಲಿ, ಅಗಲ ಕಡಿಮೆ ಮಾಡಬೇಡಿ. ನಿಮ್ಮನ್ನು ಕಾಡಿ ಬೇಡಿ ಕೇಳುತ್ತೇನೆ. ಯಾರಿಗಾಗಿ ಎಂದು ಅವರು ಕೇಳಿದರೆ ನಿಮಗೆ ಹೇಳಲು ಹೆಸರು ಗೊತ್ತಿರುವುದಿಲ್ಲ. ಸುಗಲಾ ಎಂದು ಹೇಳಿ.

ಇನ್ನೊಂದು ಸದ್ದು ಬರಲಿಲ್ಲ. ಮಾವನವರು ಕೊಂಬು ಕೇಳಿ ಬಂದು ನನ್ನ ಪಕ್ಕದಲ್ಲಿ ಕೂತರು. ನಾನು ಅವರ ಕೈ ಹಿಡಿದುಕೊಂಡೆ. ಬಹಳ ಹೊತ್ತು ಬರೆಯಲಾಗಲಿಲ್ಲ.

ಈಗ ಮನೆಯಿಂದ ಬರೆಯುತ್ತಿದ್ದೇನೆ. ಅವಳು ಸುರಂಗದ ಕಡೆಯಿಂದ ನಡೆದು ಬಂದಳು, ಹುಬ್ಬಿನ ಒಂದು ಕೂದಲೂ ಸುಟ್ಟಿರಲಿಲ್ಲ. ಸಿಡಿದದ್ದು ಅವಳ ತಲೆಯ ಮೇಲಿದ್ದ ಮನೆದೀಪವೇ. "ಡಬ್ ಅಂದು ಆರಿ ಹೋತ ಅವ್ವಾ. ಕೆನ್ನಿಗೆ ಒಂದೀಟ ಬೆಚ್ಚಗ ಹತ್ತಿತು, ಅಷ್ಟs" ಎಂದಳು. ಸುತ್ತಲೂ ಉರಿಗಾಳಿ ಇತ್ತಂತೆ, ಮೂಗಿಗೆ ಬಡಿಯುವಷ್ಟು. ಅದು ಹೊತ್ತಿಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಇಂದಿಗೂ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಮಾವನವರಂತೂ ಜ್ವರ ಬಂದಾಗಲೂ ಈ ನೇಮ ಮುರಿದವರಲ್ಲ. ನಾವು ಮನೆ ಸೇರುವಾಗ ಆಚೆ ದಂಡೆಯ ಮೇಲೆ ನಕ್ಷತ್ರ ಮೂಡಿತ್ತು, ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವರು ತಾವೇ ಎದ್ದು ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದರು, ರೊಟ್ಟಿ ಬಡಿಸಿದ ತಟ್ಟೆಯನ್ನು ತಂದು ಅವಳ ಮುಂದಿಟ್ಟರು.

"ಇನ್ನs ಹೊತ್ತ ಮುಳುಗಿಲ್ಲವ್ವಾ. ಉಣ್ಣು" ಎಂದರು.

ನಾನು ಎದುರಾಡಲಿಲ್ಲ. ಅವಳು ಉಣ್ಣುತ್ತಿದ್ದಾಳೆ, ಆಯಿ.